ಅಜ್ಜಿಯ ಹಲ್ಲು ಮತ್ತು ಮೂರು ಮನೆಯ ರಸಾಯನ

ನಮ್ಮ ಅಜ್ಜಿಯ ಕೊನೆಯ ಹಲ್ಲು ಬಿದ್ದಿದ್ದು ಗೌರಿ ಹಬ್ಬದ ದಿನ, ಒಣಕೊಬ್ಬರಿ ಕಡಿಯಲು ಹೋಗಿ. ಬೈರಾಪಟ್ಟಣದ ಮನೆಯ ಜಗಲಿಯ ಮೇಲೆ ಕೂತಿದ್ದವಳು ಬಾಯಿಗೆ ಬೆರಳು ಹಾಕಿ ಅದನ್ನು ಹೊರಗೆ ತೆಗೆದು, ಬಿಸಿಲಿಗೆ ಹಿಡಿದು ನೋಡಿ, "ಇದೊಂದು ಉಳ್ಕಂಡಿತ್ತು, ಇದೂ ಹೋಯ್ತು ಬುಡು" ಎಂದು ಬೇಲಿಯಾಚೆ ಎಸೆದಳು. ಅವಳಿಗೆ ಆಗ ಎಪ್ಪತ್ತೆಂಟೋ ಎಂಬತ್ತೋ ಇರಬೇಕು. ಅಷ್ಟಕ್ಕೆಲ್ಲ ಮರುಗುವವಳಲ್ಲ. ದಿನಕ್ಕೆ ಎರಡು ಹೊತ್ತು ರಾಗಿಮುದ್ದೆ ಉಣ್ಣುವವಳಿಗೆ ಹಲ್ಲಿನಿಂದ ಆಗಬೇಕಾದ್ದಾದರೂ ಏನು? ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಆಕಾಶ ಕಳಚಿ ಬಿದ್ದಿದ್ದು ಅಜ್ಜಿಯ ಮೂವರು ಹೆಣ್ಣುಮಕ್ಕಳ ತಲೆಯ ಮೇಲೆ.

"ಅವ್ವ ಇನ್ನೇನು ತಿಂತಾಳೆ?" ಎಂದು ಕನಕಪುರದಿಂದ ದೊಡ್ಡಮ್ಮ ಫೋನ್ ಮಾಡಿದಳು. ರಾಮನಗರದಲ್ಲಿ ನಮ್ಮಮ್ಮನೂ ಅದನ್ನೇ ಕೇಳಿಕೊಂಡು ಓಡಾಡುತ್ತಿದ್ದಳು. ಮಾಗಡಿ ಕಡೆಯ ಕುದೂರಿಗೆ ಕೊಟ್ಟಿದ್ದ ಚಿಕ್ಕಮ್ಮ ಇಬ್ಬರಿಗೂ ಫೋನ್ ಮಾಡಿ ಅತ್ತದ್ದೂ ಆಯಿತು. ಅಜ್ಜಿಯ ಜೊತೆಯಲ್ಲಿ ಮಾವ ಇದ್ದ, ಅತ್ತೆ ಇದ್ದಳು, ಅತ್ತೆಯ ಅಡುಗೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಮೂವರು ಅಕ್ಕತಂಗಿಯರು ಬೇರೆ ಬೇರೆಯಾಗಿ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದರು. ಹಲ್ಲಿಲ್ಲದ ಅವ್ವನಿಗೆ ರಸಾಯನ ಮಾಡಿಕೊಂಡು ಹೋಗಬೇಕು.

ರಸಾಯನ ಅಂದರೆ ನಮ್ಮ ಕುಟುಂಬದಲ್ಲಿ ಮೊದಲಿಗೆ ಅಜ್ಜಿಯದೇ. ಚೆನ್ನಾಗಿ ಕಳಿತ ಪುಟ್ಟಬಾಳೆ, ಕುಟ್ಟಿದ ಅಚ್ಚುಬೆಲ್ಲ, ಆಗತಾನೇ ತುರಿದ ತೆಂಗಿನಕಾಯಿ, ಜಜ್ಜಿದ ಎರಡು ಏಲಕ್ಕಿ. ಇಷ್ಟೇ. ಹಣ್ಣಿಗೆ ಚಾಕು ಮುಟ್ಟಿಸುವ ಹಾಗಿಲ್ಲ. ಬೆರಳಲ್ಲೇ ಮುರಿದು ಕಲಸಿ, ಬೆಲ್ಲ ನೀರೊಡೆಯುವವರೆಗೆ ತಟ್ಟೆ ಮುಚ್ಚಿಡಬೇಕು. ನನಗೆ ಏಳು ವರ್ಷವಿದ್ದಾಗ ಬೇಸಿಗೆ ರಜೆಗೆಂದು ಅಲ್ಲಿಗೆ ಹೋದವಳಿಗೆ ಮಂಗನಬಾವು ಬಂದು ಎರಡೂ ಕೆನ್ನೆ ಊದಿಕೊಂಡವು. ಬಾಯಿ ಬಿಡಲಾಗುತ್ತಿರಲಿಲ್ಲ. ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ರಸಾಯನವನ್ನು ಬೆರಳ ತುದಿಯಲ್ಲಿ ತಿನ್ನಿಸಿದಳು. ನನಗೊಂದು ತುತ್ತು ಕೊಟ್ಟರೆ ತಾನೊಂದು ತುತ್ತು ತಿನ್ನುವಳು. "ಯಾಕಜ್ಜಿ ನೀನು ತಿಂತೀಯ?" ಎಂದು ನಾನು ಹಲ್ಲುಗಳ ಸಂದಿಯಿಂದಲೇ ಕೇಳಿದ್ದಕ್ಕೆ, "ಉಪ್ಪು ಸರಿಯಾಗೈತಾ ಅಂತ ಒಸಿ ನೋಡ್ತಿವ್ನಿ ಮಗಾ" ಅಂದಳು. ರಸಾಯನಕ್ಕೆ ಉಪ್ಪು ಹಾಕುವುದಿಲ್ಲ ಎಂದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಪಿಯುಸಿಯಲ್ಲಿದ್ದೆ.

ಹೆಣ್ಣುಮಕ್ಕಳು ಮದುವೆಯಾಗಿ ಮೂರು ದಿಕ್ಕಿಗೆ ಹೋದ ಮೇಲೆ ಈ ರಸಾಯನವೂ ಮೂರು ದಿಕ್ಕಿಗೆ ಹೋಯಿತು. ಕನಕಪುರದ ದೊಡ್ಡಮ್ಮ ಕಾಯಿತುರಿಯನ್ನು ಬಿಟ್ಟು ಕಾಯಿಹಾಲಿಗೆ ಬಂದಳು. ದಪ್ಪನೆಯ ಕಾಯಿಹಾಲಿಗೆ ಬೆಲ್ಲ ಕರಗಿಸಿ, ಬಾಳೆಹಣ್ಣಿನ ಜೊತೆಗೆ ಹಲಸಿನ ತೊಳೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಮೇಲೊಂದಿಷ್ಟು ಜೇನುತುಪ್ಪ ಸುರಿಯುತ್ತಾಳೆ. ಅವಳ ಮನೆಗೆ ಹೋದಾಗಲೆಲ್ಲ ಹಲಸು ಬಿಡಿಸಲು ನಮ್ಮ ಕೈಗೆ ಎಣ್ಣೆ ಸವರಿ ಕೂರಿಸುತ್ತಿದ್ದಳು. ಅಷ್ಟಾದರೂ ಮೇಣ ಅಂಟಿ, ಒಮ್ಮೆ ನನ್ನ ಜಡೆಯೂ ಅವಳ ಮಗಳ ಜಡೆಯೂ ಒಂದಕ್ಕೊಂದು ಹತ್ತಿಕೊಂಡು, ಒಂದಿಡೀ ಮಧ್ಯಾಹ್ನ ನಾವಿಬ್ಬರೂ ಬಚ್ಚಲಿಗೂ ಜೊತೆಯಲ್ಲೇ ಹೋಗಬೇಕಾಯಿತು.

ನಮ್ಮಮ್ಮನದು ಮಾವು. ರಸಪುರಿ ಹಣ್ಣನ್ನು ಹಿಂಡಿ ರಸ ತೆಗೆದು, ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಏಲಕ್ಕಿ ಬೆರೆಸಿ, ಅದರಲ್ಲಿ ಬಾದಾಮಿ ಮಾವಿನ ಹೋಳುಗಳನ್ನು ತೇಲಿಬಿಡುತ್ತಾಳೆ. ವಾಟೆ ಮಾತ್ರ ಅಪ್ಪನ ಪಾಲು. ಅಪ್ಪ ಬನಿಯನ್ ಹಾಕಿಕೊಂಡು ಹಿತ್ತಲಲ್ಲಿ ನಿಂತು, ಮೊಣಕೈವರೆಗೆ ರಸ ಇಳಿಸಿಕೊಂಡು ಅದನ್ನು ಚೀಪುವ ಹೊತ್ತಿನಲ್ಲಿ ಮನೆಗೆ ಯಾರು ಬಂದರೂ "ಅವರು ಮೀಟಿಂಗಲ್ಲಿದ್ದಾರೆ" ಎಂದು ಹೇಳುವುದು ನನ್ನ ಕೆಲಸವಾಗಿತ್ತು.

ಕುದೂರಿನ ಚಿಕ್ಕಮ್ಮನದು ಹೊಸ ಕಾಲದ್ದು. ಕಸ್ಟರ್ಡ್ ಪುಡಿ, ಸೇಬು, ದಾಳಿಂಬೆ, ದ್ರಾಕ್ಷಿ, ಕೆಂಪು ಹಸಿರು ಟೂಟಿ ಫ್ರೂಟಿ. "ಇದು ಫ್ರೂಟ್ ಸಲಾಡು ಕಣೆ, ರಸಾಯನ ಅಲ್ಲ" ಎಂದು ದೊಡ್ಡಮ್ಮ ಎಷ್ಟು ಹೇಳಿದರೂ ಅವಳು ಅದನ್ನು ರಸಾಯನ ಅಂತಲೇ ಕರೆಯುತ್ತಾಳೆ. ಹಲ್ಲಿಲ್ಲದ ಅವ್ವನಿಗಾಗಿ ಅವಳು ಪಟ್ಟ ಪಾಡು ನೆನೆದರೆ ಈಗಲೂ ಪಾಪ ಅನ್ನಿಸುತ್ತದೆ. ಸೇಬನ್ನು ಬೇಯಿಸಿದಳು. ದಾಳಿಂಬೆಯನ್ನು ಮಿಕ್ಸಿಗೆ ಹಾಕಿ ಸೋಸಿದಳು. ದ್ರಾಕ್ಷಿಯ ಸಿಪ್ಪೆಯನ್ನು ಒಂದೊಂದಾಗಿ ಸುಲಿದಳು. ಕೊನೆಗೆ ಬರುತ್ತಿದ್ದದ್ದು ಗುಲಾಬಿ ಬಣ್ಣದ ಒಂದು ದ್ರವ. ಅದಕ್ಕೆ ಅಜ್ಜಿ ಇಟ್ಟ ಹೆಸರು "ಬಣ್ಣದ್ದು".

ಬಸ್ಸಿನಲ್ಲಿ ಹೆಂಗಸರು ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಓಡಾಡುವ ಕಾಲ ಬೇರೆ. ಮೂವರೂ ಹದಿನೈದು ದಿನಕ್ಕೊಮ್ಮೆಯಾದರೂ ಡಬ್ಬ ಹೊತ್ತುಕೊಂಡು ಬೈರಾಪಟ್ಟಣಕ್ಕೆ ಹೊರಡುವರು. ಮಾವಿನ ಕಾಲ, ಹಲಸಿನ ಕಾಲ ಮುಗಿದರೂ ಬಾಳೆಹಣ್ಣಿಗೆ ಕಾಲವೆಲ್ಲಿ? ನಾನು ಬಿಡದಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಹಾಗಾಗಿ ಅಮ್ಮನ ರಸಾಯನ ಮನೆ ಬಿಡುವ ಮೊದಲು ನಾನು ರುಚಿ ನೋಡಿ ಪಾಸು ಮಾಡಬೇಕಿತ್ತು. "ಅವ್ವನಿಗೆ ನಂದೇ ಇಷ್ಟ, ಗೊತ್ತಾ? ಆದ್ರೆ ಯಾರ್ಗೂ ಹೇಳ್ಬೇಡ" ಎಂದು ಅಮ್ಮ ಒಂದು ದಿನ ನನ್ನ ಕಿವಿಯಲ್ಲಿ ಹೇಳಿದಳು. ಅಕ್ಕನಿಗೂ ತಂಗಿಗೂ ಗೊತ್ತಾದರೆ ನೊಂದುಕೊಳ್ಳುತ್ತಾರಂತೆ. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಒಂದು ಮೇ ತಿಂಗಳಲ್ಲಿ ಮಾವ ಮೂರೂ ಮನೆಗೆ ಫೋನ್ ಮಾಡಿದ. "ಭಾನುವಾರ ಬಂದ್ಬುಡಿ. ಅವ್ವ ನಿಮ್ಗೇನೋ ತೋರಿಸ್ಬೇಕಂತೆ" ಅಂದ. ಏನು ಎತ್ತ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಭಾನುವಾರ ನಾನೂ ಅಮ್ಮನೂ ಹನ್ನೊಂದು ಗಂಟೆಗೆ ಬೈರಾಪಟ್ಟಣ ತಲುಪಿದಾಗ ದೊಡ್ಡಮ್ಮ ಆಗಲೇ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲೊಂದು ಅಗಲ ಬಾಯಿಯ ಡಬರಿ, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಅಮ್ಮನ ಕೈಯಲ್ಲಿ ಸ್ಟೀಲ್ ಡಬ್ಬ. ಇಬ್ಬರೂ ಒಬ್ಬರ ಪಾತ್ರೆಯನ್ನೊಬ್ಬರು ನೋಡಿದರು. ಹತ್ತು ನಿಮಿಷಕ್ಕೆ ಚಿಕ್ಕಮ್ಮ ಬಂದಳು. ಅವಳದು ಐಸ್ ತುಂಬಿದ ಬಕೆಟ್ಟಿನೊಳಗೆ ಕೂರಿಸಿದ ಪಾತ್ರೆ. ಕುದೂರಿನಿಂದ ಎರಡು ಬಸ್ಸು ಬದಲಿಸಿ ಅದನ್ನು ಹೇಗೆ ತಂದಳೋ, ಅವಳ ಸೀರೆಯ ನೆರಿಗೆ ಪೂರ್ತಿ ತೊಯ್ದಿತ್ತು.

"ಅವ್ವ ಎಲ್ಲಿ?" ಎಂದು ಮೂವರೂ ಕೇಳಿದರು.

"ಚನ್ನಪಟ್ಟಣಕ್ಕೆ ಹೋಗವ್ರೆ, ಆಸ್ಪತ್ರೆಗೆ" ಎಂದು ಅತ್ತೆ ಒಳಗಿನಿಂದಲೇ ಹೇಳಿದಳು.

ಮೂವರೂ ಎದ್ದು ನಿಂತುಬಿಟ್ಟರು. ಅತ್ತೆ ಬಾಣಲೆಯಿಂದ ಕೋಡುಬಳೆ ತೆಗೆಯುವ ಜಾಲರಿ ಸೌಟನ್ನು ಹಿಡಿದುಕೊಂಡೇ ಹೊರಗೆ ಬಂದು, "ಗಾಬರಿಯಾಗೋದೇನಿಲ್ಲ, ಕೂತ್ಕಳ್ರಿ. ಇನ್ನೊಸಿ ಹೊತ್ತಿಗೆ ಬತ್ತಾರೆ" ಎಂದು ನಗುತ್ತಾ ಒಳಗೆ ಹೋದಳು.

ಕೂತರು. ಸುಮ್ಮನೆ ಎಷ್ಟು ಹೊತ್ತು ಕೂರುವುದು? ಮೊದಲು ಬಾಯಿ ತೆಗೆದವಳು ದೊಡ್ಡಮ್ಮ. "ನೀವಿಬ್ರೂ ಯಾಕೆ ಹೊತ್ಕಂಡು ಬಂದ್ರಿ? ನಾನು ತತ್ತೀನಿ ಅಂತ ಗೊತ್ತಿರ್ಲಿಲ್ವಾ?"

"ಅಕ್ಕ, ಬೇಜಾರು ಮಾಡ್ಕಬ್ಯಾಡ. ಅವ್ವುಂಗೆ ನಂದೇ ಸೇರೋದು" ಎಂದಳು ಚಿಕ್ಕಮ್ಮ, ಬಹಳ ಮೃದುವಾಗಿ.

"ನಿಂಗೆ ಯಾರು ಹೇಳಿದ್ದು?" ಅಂದಳು ಅಮ್ಮ.

"ಯಾರ್ ಹೇಳ್ತಾರೆ? ಅವ್ವನೇ."

ಅಮ್ಮ ದೊಡ್ಡಮ್ಮನನ್ನು ನೋಡಿದಳು. ದೊಡ್ಡಮ್ಮ ಅಮ್ಮನನ್ನು ನೋಡಿದಳು. ಆಮೇಲೆ ದೊಡ್ಡಮ್ಮ ಪೊಲೀಸಿನವರು ವಿಚಾರಣೆ ಮಾಡುವ ಹಾಗೆ ನಿಧಾನವಾಗಿ ಕೇಳಿದಳು. "ನಿನ್ನ ಕೈ ಇನ್ಯಾರ್ಗೂ ಬರಾಕಿಲ್ಲ ಕಣವ್ವ ಅಂದ್ಲಾ?"

"ಹೂಂ" ಅಂದಳು ಚಿಕ್ಕಮ್ಮ.

"ಅವರಿಬ್ರಿಗೂ ಹೇಳ್ಬ್ಯಾಡ ಅಂದ್ಲಾ?"

"ಹೂಂ."

"ಹೇಳಿದ್ರೆ ನೊಂದ್ಕತಾರೆ ಅಂದ್ಲಾ?" ಎಂದು ಅಮ್ಮ ಸೇರಿಸಿದಳು.

ಚಿಕ್ಕಮ್ಮನ ಬಾಯಿ ತೆರೆದೇ ಇತ್ತು. ಎರಡು ವರ್ಷ ಈ ಮೂವರೂ ಉಳಿದಿಬ್ಬರ ಮೇಲೆ ಅದೆಷ್ಟು ಕನಿಕರ ಇಟ್ಟುಕೊಂಡು, ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದರು! ನನಗೆ ನಗು ತಡೆಯಲಾಗಲಿಲ್ಲ. ಕಂಬದ ಹಿಂದೆ ಹೋಗಿ ದುಪ್ಪಟ್ಟ ಬಾಯಿಗೆ ತುರುಕಿಕೊಂಡೆ.

ಅಷ್ಟರಲ್ಲಿ ಮಾವನ ಬೈಕು ಬಂತು. ಹಿಂದೆ ಕೂತಿದ್ದ ಅಜ್ಜಿ ಇಳಿದವಳು ಹೊಸ ಮದುವಣಗಿತ್ತಿಯ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲೇ ನಗುತ್ತಾ ನಿಂತಳು. ಹೆಣ್ಣುಮಕ್ಕಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಸಾಲಾಗಿ ನಿಂತಿದ್ದರು. ಅಜ್ಜಿ ಸೆರಗು ತೆಗೆದಳು.

ಹಲ್ಲು! ಮೇಲೊಂದು ಸಾಲು, ಕೆಳಗೊಂದು ಸಾಲು, ಅವರೆಕಾಳಿನ ಹಾಗೆ ಒಂದರ ಪಕ್ಕ ಒಂದು. ಒಳಕ್ಕೆ ಸೇರಿಹೋಗಿದ್ದ ಕೆನ್ನೆಗಳು ತುಂಬಿಕೊಂಡು ಅಜ್ಜಿ ಹತ್ತು ವರ್ಷ ಚಿಕ್ಕವಳಾಗಿದ್ದಳು. ಎರಡು ತಿಂಗಳಿಂದ ಮಾವ ಅವಳನ್ನು ಗುಟ್ಟಾಗಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದನಂತೆ. ಮೊದಲೇ ತಿಳಿಸಿದರೆ ಮೂರು ಊರಿನಿಂದ ಮೂರು ಥರದ ಸಲಹೆ ಬರುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ.

"ಎಂಗೈತ್ರವ್ವ?" ಅಂದಳು ಅಜ್ಜಿ. ಹೊಸ ಹಲ್ಲಿನ ಸಂದಿಯಿಂದ ಸಣ್ಣಗೆ ಸೀಟಿಯ ಸದ್ದೂ ಬಂತು.

ಕೋಪವೆಲ್ಲ ಎಲ್ಲಿ ಹೋಯಿತೋ! ದೊಡ್ಡಮ್ಮ ಅವಳ ಗಲ್ಲ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟಳು. ಚಿಕ್ಕಮ್ಮ ಫೋನ್ ತೆಗೆದು ಫೋಟೋ ಹೊಡೆಯತೊಡಗಿದಳು. ಅಜ್ಜಿಗೆ ಅದ್ಯಾವುದೂ ಬೇಕಿರಲಿಲ್ಲ. "ಸೊಸೆ, ಎಲ್ಲವ್ವ ಕೋಡುಬಳೆ?" ಎಂದು ಕೂಗಿದಳು. ಮೂರು ದಿನ ಮೆತ್ತನೆಯದನ್ನೇ ತಿನ್ನಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದು ಮಾವ ನೆನಪಿಸಿದ. ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಕೋಡುಬಳೆಯನ್ನು ಬಾಯಿಗಿಟ್ಟು ಕಟುಂ ಎಂದು ಕಡಿದಳು. ಕಣ್ಣು ಮುಚ್ಚಿಕೊಂಡಳು. ಅವಳ ಮುಖದಲ್ಲಿ ಆಗ ಕಂಡ ಸುಖವನ್ನು ನಾನು ಇನ್ಯಾರ ಮುಖದಲ್ಲೂ ಕಂಡಿಲ್ಲ.

ಎರಡು ಕೋಡುಬಳೆ ಮುಗಿದ ಮೇಲೆ ದೊಡ್ಡಮ್ಮ ಮೂಗೊರೆಸಿಕೊಂಡು, "ಅವ್ವ, ರಸಾಯನ ತಂದಿವ್ನಿ" ಅಂದಳು.

"ರಸಾಯನ ಸಾಕು ಕಣ್ರವ್ವ" ಅಂದಳು ಅಜ್ಜಿ. "ಎರಡು ವರ್ಸ ತಿಂದೂ ತಿಂದೂ ಕನಸ್ನಾಗೂ ಬಾಳೆಹಣ್ಣು ಬತ್ತದೆ."

ಕೆರಳಿಸಲು ಅಷ್ಟೇ ಸಾಕಾಯಿತು. ಮೂವರೂ ಒಟ್ಟಿಗೇ ಮೇಲೆ ಬಿದ್ದರು. ನಂಗೆ ಹಂಗಂದೆ, ಅವಳಿಗೂ ಹಂಗೇ ಅಂದಿದ್ದೀಯಲ್ಲ, ನಾವೇನು ದಡ್ಡಿಯರಾ? ಅಜ್ಜಿ ಮೂವರ ಮುಖವನ್ನೂ ನೋಡಿ, ಸಿಕ್ಕಿಹಾಕಿಕೊಂಡೆನೆಂದು ತಿಳಿದು, "ಮತ್ತೆ ಏನನ್ಲಿ? ಅಷ್ಟು ದೂರದಿಂದ ಹೊತ್ಕಂಡು ಬತ್ತಿದ್ರಿ" ಎಂದಳು. ಅದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅತ್ತೆಗೆ ಆ ಹೊತ್ತಿನಲ್ಲೇ ಇನ್ನೊಂದು ಮಾತು ನೆನಪಾಗಬೇಕೆ?

"ಕೊಟ್ಟಿಗೇಲಿರೋ ಕರು ಯಾಕೆ ಅಷ್ಟು ದುಂಡಗಾಗೈತೆ ಅಂದ್ಕಂಡ್ರಿ?" ಎಂದಳು.

"ಕರೂಗೆ ಹಾಕ್ದ್ಯಾ?" ಎಂದು ಚಿಕ್ಕಮ್ಮ ಚೀರಿದಳು. "ನಾನು ದ್ರಾಕ್ಷಿ ಸಿಪ್ಪೆ ಸುಲಿದು ತಂದಿದ್ದು ಕರೂಗಾ?"

"ನಾನೂ ತಿಂದೆ, ಅದೂ ತಿಂತು" ಎಂದಳು ಅಜ್ಜಿ. ಕೊನೆಗೆ ಹೆಣ್ಣುಮಕ್ಕಳ ಕಾಟ ತಾಳಲಾರದೆ ಒಂದು ಮಾತು ಕೊಟ್ಟಳು. ಈಗ ಮೂರನ್ನೂ ರುಚಿ ನೋಡುತ್ತೇನೆ, ಹೊಸ ಹಲ್ಲಿನಾಣೆಗೂ ನಿಜ ಹೇಳುತ್ತೇನೆ.

ಪಾತ್ರೆಗಳು ನಡುಮನೆಗೆ ಬಂದವು. ಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ದೊಡ್ಡಮ್ಮನದೇ ಮೊದಲು. ಅವಳು ಡಬರಿಯ ಬಟ್ಟೆ ಬಿಚ್ಚಿದಳು. ಕಾಯಿಹಾಲು, ಜೇನು, ಹಲಸಿನ ಪರಿಮಳ ಮನೆಯೆಲ್ಲ ತುಂಬಿತು. ಅಜ್ಜಿ ಮುಂದಕ್ಕೆ ಬಾಗಿ ಡಬರಿಯ ಮೇಲೆ ಮುಖವಿಟ್ಟು ವಾಸನೆ ನೋಡುತ್ತಿದ್ದಳು. ಆಗ ಚಿಕ್ಕಮ್ಮ ಇನ್ನೂ ಅದೇ ಸಿಟ್ಟಿನಲ್ಲಿ, "ಅವ್ವ, ಆ ಕರೂನೂ ಕರ್ಕಂಡು ಬಾ. ಅದೂ ಒಂದ್ಮಾತು ಹೇಳ್ಲಿ" ಅಂದಳು.

ಅಜ್ಜಿಗೆ ನಗು ಬಂತು. ಸಣ್ಣ ನಗುವಲ್ಲ, ಹೊಟ್ಟೆಯಿಂದ ಎದ್ದು ಬಂದ ನಗು. ಬಾಯಿ ಪೂರ್ತಿ ತೆರೆಯಿತು. ಬುಳುಂಕ್ ಎಂದು ಸದ್ದಾಯಿತು.

ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಅಜ್ಜಿ ತಲೆಯೆತ್ತಿದಾಗ ಮೇಲ್ತುಟಿ ಒಳಕ್ಕೆ ಹೋಗಿತ್ತು, ಕೆಳಗಿನ ಸಾಲು ಒಂಟಿಯಾಗಿ ಹೊಳೆಯುತ್ತಿತ್ತು.

"ಬಿತ್ತು ಕಣ್ರವ್ವ" ಅಂದಳು.

ದೊಡ್ಡಮ್ಮ ಬಳೆ ಮೇಲಕ್ಕೇರಿಸಿ ತೋಳನ್ನು ಮೊಣಕೈವರೆಗೆ ಡಬರಿಯೊಳಗೆ ಇಳಿಸಿದಳು. ದಟ್ಟ ಕಾಯಿಹಾಲಿನಲ್ಲಿ ಏನೂ ಕಾಣುತ್ತಿರಲಿಲ್ಲ. "ಸಿಕ್ತು" ಎಂದು ಎತ್ತಿದರೆ ಹಲಸಿನ ಚೂರು. "ಇದೇ ಇದೇ" ಎಂದು ಎತ್ತಿದರೆ ಬಾಳೆಹಣ್ಣು. ಅಮ್ಮ ಜೊತೆಗೊಂದು ಕೈ ಹಾಕಿದಳು. ಒಳಗೆ ಇಬ್ಬರ ಬೆರಳೂ ಸಿಕ್ಕಿಕೊಂಡು, "ಅಕ್ಕ, ಅದು ನನ್ನ ಬೆಳ್ಳು ಕಣೆ, ಎಳೀಬ್ಯಾಡ!" ಎಂದು ಅಮ್ಮ ಕೂಗಿದಳು. ಅತ್ತೆ ಗೋಡೆಗೊರಗಿ ಜಾರಿ ಕೂತೇಬಿಟ್ಟಳು, ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು. ಅಜ್ಜಿ ಮಾತ್ರ ಗಂಭೀರವಾಗಿ, "ತಳದಾಗಿರ್ತದೆ, ತಳ ನೋಡ್ರಿ" ಎಂದು ಹೇಳುತ್ತಿದ್ದಳು. ಕೊನೆಗೆ ತಳದಲ್ಲೇ ಸಿಕ್ಕಿತು. ದೊಡ್ಡಮ್ಮ ಎತ್ತಿ ಹಿಡಿದಾಗ ಹಲ್ಲುಗಳ ನಡುವೆ ಒಂದು ಹಲಸಿನ ಎಳೆ ಸಿಕ್ಕಿಕೊಂಡಿತ್ತು. ಇಬ್ಬರೂ ಹೆಣ್ಣುಮಕ್ಕಳ ಕೈಯಿಂದ ಜೇನು ಮಿಶ್ರಿತ ಹಾಲು ತೊಟ್ಟಿಕ್ಕುತ್ತಿತ್ತು.

ಅಜ್ಜಿ ಅದನ್ನು ತೊಳೆಯಲು ಬಚ್ಚಲಿಗೆ ಹೋದಳು. ಅತ್ತೆ ಹಿಂದೆಯೇ ಹೋದಳು. ಮೂವರು ಅಕ್ಕತಂಗಿಯರೂ ಡಬರಿಯನ್ನು ನೋಡುತ್ತಾ ನಿಂತರು. ದೊಡ್ಡಮ್ಮನ ಮುಖ ಸಣ್ಣದಾಗಿತ್ತು. "ಇನ್ನು ಇದು ಕರೂಗೇ" ಎಂದಳು ಚಿಕ್ಕಮ್ಮ. ಈ ಸಲ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಆ ಹೊತ್ತಿಗೆ ಮಾವ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅಂತ ಕಾಣುತ್ತದೆ. ಯಾರನ್ನೂ ಕೇಳದೆ ಸೌಟು ತೆಗೆದುಕೊಂಡು ಮೂರೂ ಪಾತ್ರೆಯಿಂದ ಮೂರು ಬಟ್ಟಲು ತುಂಬಿಕೊಂಡ. ಅಮ್ಮ "ಅಯ್ಯೋ, ಅದು..." ಎಂದು ಬಾಯಿ ತೆರೆದಳು. ದೊಡ್ಡಮ್ಮ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ಅದುಮಿದಳು. ಮಾವ ಮೊದಲು ಮಾವಿನದನ್ನು ತಿಂದ, ತಲೆಯಾಡಿಸಿದ. ಬಣ್ಣದ್ದನ್ನು ತಿಂದ, ಅದಕ್ಕೂ ತಲೆಯಾಡಿಸಿದ. ಕಾಯಿಹಾಲಿನದನ್ನು ಒಂದು ಚಮಚ ಬಾಯಿಗಿಟ್ಟವನು ನಿಂತುಬಿಟ್ಟ. ಇನ್ನೊಂದು ಚಮಚ. ಬಟ್ಟಲನ್ನೇ ಬಾಯಿಗೆತ್ತಿ ಪೂರ್ತಿ ಕುಡಿದ.

"ಅಕ್ಕ, ಸುಳ್ಳು ಹೇಳಾಕಿಲ್ಲ. ಈವತ್ತು ನಿಂದೇ ಫಸ್ಟು" ಅಂದ.

ದೊಡ್ಡಮ್ಮ ಒಂದೇ ಒಂದು ಗಳಿಗೆ ತಡೆದಳು. ಆಮೇಲೆ ಸೌಟು ಕೈಗೆತ್ತಿಕೊಂಡು, "ಇನ್ನೊಸಿ ಹಾಕ್ಲಾ ಮಗಾ?" ಎಂದು ಕೇಳಿದಳು.

ನಾನು, ಅಮ್ಮ, ಚಿಕ್ಕಮ್ಮ ಮೂವರೂ ಹಿತ್ತಲಿಗೆ ಓಡಿದೆವು. ಮನೆಯೊಳಗೆ ನಿಂತಿದ್ದರೆ ಉಸಿರುಕಟ್ಟುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಚಿಕ್ಕಮ್ಮ ಬಿಕ್ಕಳಿಕೆ ಬರುವವರೆಗೆ ನಕ್ಕಳು. ಬಚ್ಚಲಿನಿಂದ ಹೊರಬಂದ ಅಜ್ಜಿ ತೊಳೆದ ಹಲ್ಲನ್ನು ಕೈಯಲ್ಲೇ ಹಿಡಿದುಕೊಂಡು, "ಏನಾಯ್ತ್ರವ್ವ?" ಎಂದು ಕೇಳಿದಳು. ಹೇಳಿದೆವು. ಅಜ್ಜಿ ಹಲ್ಲಿನ ನೀರು ಕೊಡವಿ, "ಅದ್ಕೇನಂತೆ, ಅವ್ನು ನನ್ ಹೊಟ್ಟೇಲೇ ಹುಟ್ಟಿದೋನಲ್ವಾ" ಅಂದಳು. ಮತ್ತೆ ಶುರುವಾಯಿತು ನಮ್ಮ ನಗು.

ಮಾವನಿಗೆ ಅತ್ತೆ ನಾಲ್ಕು ದಿನ ಬಿಟ್ಟು ಹೇಳಿದಳಂತೆ. ಅವನು ಆ ದಿನವೆಲ್ಲ ದೊಡ್ಡಮ್ಮನ ಫೋನ್ ಎತ್ತಲಿಲ್ಲ. ಅಜ್ಜಿ ಆ ಹಲ್ಲನ್ನು ಮುದ್ದೆ ಉಣ್ಣುವಾಗ ತೆಗೆದಿಡುತ್ತಾಳೆ, ಮದುವೆ ಮನೆಗೆ ಹೊರಟಾಗ ಹಾಕಿಕೊಳ್ಳುತ್ತಾಳೆ. ಹೆಣ್ಣುಮಕ್ಕಳು ಈಗಲೂ ಹೋಗುತ್ತಾರೆ. ಈಗ ಚಕ್ಕುಲಿ, ನಿಪ್ಪಟ್ಟು, ಹುರಿದ ಕಡಲೆಕಾಯಿ ಹೊತ್ತುಕೊಂಡು ಹೋಗುತ್ತಾರೆ, ಯಾರದು ಚೆನ್ನಾಗಿದೆ ಎಂದು ಕೇಳುವ ಧೈರ್ಯ ಮಾತ್ರ ಮಾಡುವುದಿಲ್ಲ.

ಆ ಭಾನುವಾರ ಸಂಜೆ ನಾನೂ ಅಮ್ಮನೂ ಚನ್ನಪಟ್ಟಣದಲ್ಲಿ ರೈಲು ಹತ್ತಿದೆವು. ರಾಮನಗರಕ್ಕೆ ಒಂದೇ ಒಂದು ಹೆಜ್ಜೆ ಅನ್ನುವಷ್ಟು ಹತ್ತಿರ. ಸೀಟು ಸಿಕ್ಕಿತು. ಅಮ್ಮ ಖಾಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಗಂಭೀರವಾಗಿ ಕೂತಿದ್ದಳು. ರೈಲು ಹೊರಟ ಮೇಲೆ ನನ್ನ ಕಡೆ ತಿರುಗಿ, "ಇನ್ನೊಸಿ ಹಾಕ್ಲಾ ಮಗಾ, ಅಂದ್ಲಲ್ಲೇ" ಅಂದಳು. ಅಷ್ಟೇ. ಇಬ್ಬರಿಗೂ ತಡೆಯಲಾಗಲಿಲ್ಲ. ನಮ್ಮಮ್ಮ ನಗುವುದೇ ಕಡಿಮೆ. ನಕ್ಕರೂ ತುಟಿ ಬಿಗಿಹಿಡಿದು ನಗುವವಳು. ಅವಳು ಆ ದಿನ ಡಬ್ಬವನ್ನು ಅಪ್ಪಿಕೊಂಡು, ತಲೆಯನ್ನು ನನ್ನ ಭುಜಕ್ಕೆ ಒತ್ತಿಕೊಂಡು, ಸ್ಕೂಲು ಹುಡುಗಿಯ ಹಾಗೆ ಕಿಲಕಿಲ ನಗುತ್ತಿದ್ದಳು. ಎದುರು ಸೀಟಿನ ಹೆಂಗಸು, "ಏನಕ್ಕ, ನಮ್ಗೂ ಹೇಳ್ಬಾರ್ದಾ" ಎಂದು ಕೇಳಿದಳು. ಅಮ್ಮ ಹೇಳಲು ಶುರುಮಾಡಿದಳು, ಮಧ್ಯೆ ನಿಲ್ಲಿಸಿದಳು, ಮತ್ತೆ ಹೇಳಿದಳು. ಕತೆ ಕೇಳಿದ ಆ ಹೆಂಗಸೂ ನಕ್ಕಳು, ಅವಳ ಪಕ್ಕದಲ್ಲಿದ್ದವರೂ ನಕ್ಕರು.

ನಾವು ತಲೆಯೆತ್ತಿದಾಗ ಕಿಟಕಿಯಾಚೆ ಬಿಡದಿ ನಿಲ್ದಾಣದ ಹಳದಿ ಬೋರ್ಡು ನಿಂತಿತ್ತು. ರಾಮನಗರ ಯಾವಾಗ ಬಂತು, ಯಾವಾಗ ಹೋಯಿತು, ಇಬ್ಬರಿಗೂ ಗೊತ್ತಾಗಿರಲಿಲ್ಲ. ದಿಗಿಲುಬಿದ್ದು ಇಳಿದೆವು. ನಾನು ವಾರದಲ್ಲಿ ಆರು ದಿನ ಇಳಿಯುವ ನಿಲ್ದಾಣದಲ್ಲಿ ಏಳನೆಯ ದಿನವೂ ಇಳಿದು ನಿಂತಿದ್ದೆ. "ಈಗೇನ್ ಮಾಡೋದು?" ಎಂದು ಅಮ್ಮ ಕೇಳಿದಳು. "ಹೆಂಗೂ ಬಂದಿದ್ದೀವಿ, ತಟ್ಟೆ ಇಡ್ಲಿ ತಿನ್ನೋಣ" ಅಂದೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಸೆರಗು ಸರಿಮಾಡಿಕೊಂಡು ನನಗಿಂತ ಮುಂದೆ ನಡೆದಳು.

ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿರುವಾಗ ಅಪ್ಪನ ಫೋನ್ ಬಂತು. ಎಲ್ಲಿದ್ದೀರಿ, ಇಷ್ಟು ಹೊತ್ತಾಯಿತಲ್ಲ, ನಿಮ್ಮವ್ವ ಚೆನ್ನಾಗಿದ್ದಾರಾ, ರಸಾಯನ ತಿಂದರಾ ಎಂದು ಒಂದೇ ಉಸಿರಿಗೆ ಕೇಳಿದ. ಅಮ್ಮ ಉತ್ತರ ಹೇಳಲು ಬಾಯಿ ತೆರೆದಳು, ಬಂದದ್ದು ನಗು. ಫೋನನ್ನು ನನ್ನ ಕೈಗೆ ತುರುಕಿ, ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಟೇಬಲ್ಲಿನ ಮೇಲೆ ಬಾಗಿಬಿಟ್ಟಳು.